ಭಾಳ ಚಲೋ ಎಂದು ಕೆಡಿಸಿದ ಪುಟಗಳು

ವೆಬ್‌ಸೈಟ್ ವಿನ್ಯಾಸದ ಕೆಲಸಕ್ಕೆ ಈಗಷ್ಟೇ ಕಾಲಿಡುತ್ತಿರುವ ಹುಡುಗ ಹುಡುಗಿಯರು ಆಗಾಗ ನಮ್ಮ ಠಾಕುರ್ಲಿಯ ಮನೆಗೆ ಬರುತ್ತಾರೆ. ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು ಕೇಳುತ್ತಾರೆ. ನಾನು ಕಲಿತ ಸಾಫ್ಟ್‌ವೇರುಗಳಲ್ಲಿ ಅರ್ಧಕ್ಕರ್ಧ ಈಗ ಬದುಕಿಲ್ಲ, ಹಾಗಾಗಿ ಆ ವಿಷಯದಲ್ಲಿ ನನ್ನಿಂದ ಉಪಯೋಗವಿಲ್ಲ. ನನಗೆ ಹೇಳಲು ಬರುವುದು ಬೇರೆ ಸಂಗತಿ. ಹೊಸಬರು ಮಾಡಿದ್ದನ್ನು ನೋಡಿ ಹೇಗೆ ಮಾತಾಡಬೇಕು, ನಾವು ಮಾಡಿದ್ದರ ಬಗ್ಗೆ ಬೇರೆಯವರು ಆಡಿದ್ದನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂಬುದು. ಅದನ್ನೂ ನಾನು ಕಲಿತದ್ದು ಐವತ್ತು ದಾಟಿದ ಮೇಲೆ, ಒಬ್ಬ ಹುಡುಗಿಯ ಕೆಲಸ ಕಳೆಯುವ ಹಂತಕ್ಕೆ ಹೋಗಿ.

ನನ್ನ ಅಡ್ಡಹೆಸರು ಕರಡಿ. ಗದಗಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನಾಗಿ ಸೇರಿದ್ದರಿಂದ ಅಲ್ಲಿಯ ಫೋರ್‌ಮನ್ ನನ್ನನ್ನು ‘ಕರಡು ತಿದ್ದೋ ಕರಡಿ’ ಎಂದು ಕರೆದು ಊರೆಲ್ಲ ನಗಿಸಿದ. ಮುಂದೆ ಮರಾಠಿ ನಾಡಿನ ಡೊಂಬಿವ್ಲಿಯ ಒಂದು ಪ್ರೆಸ್ಸಿಗೆ ಬಂದೆ, ಪುಟ ಜೋಡಿಸುವುದು ಕಲಿತೆ. ಪ್ರೆಸ್ಸುಗಳು ಒಂದೊಂದೇ ಮುಚ್ಚುತ್ತ ಬಂದಾಗ, ಎರಡು ಸಾವಿರದ ಆಚೀಚೆ, ಠಾಣೆ ಊರಿನ ಒಂದು ಸಣ್ಣ ವೆಬ್‌ಸೈಟ್ ಕಂಪನಿಗೆ ಸೇರಿದೆ. ಆಗ ನನಗೆ ನಲವತ್ತಮೂರೋ ನಲವತ್ನಾಲ್ಕೋ. ಪಕ್ಕದ ಕುರ್ಚಿಯವರೆಲ್ಲ ನನ್ನ ಮಗನ ವಯಸ್ಸಿನವರು. ಪ್ರೆಸ್ಸಿನಿಂದ ನಾನು ತಂದ ಆಸ್ತಿ ಎಂದರೆ ಒಂದು ಕೆಂಪು ಪೆನ್ನು.

ನನ್ನ ಮೇಲಧಿಕಾರಿ ನಾಡಕರ್ಣಿ ಮೇಡಂ. ಕಾರವಾರದ ಕೊಂಕಣಿ ಹೆಂಗಸು, ಕನ್ನಡ, ಮರಾಠಿ, ಹಿಂದಿ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವರು. ನನ್ನ ಮೊದಲ ವೆಬ್‌ಸೈಟ್ ಒಂದು ಸೀರೆ ಅಂಗಡಿಯದು. ಪೋಸ್ಟರ್ ಮಾಡಿದ ಅಭ್ಯಾಸದಲ್ಲಿ ಇಡೀ ಪುಟವನ್ನು ಒಂದೇ ದೊಡ್ಡ ಚಿತ್ರವಾಗಿ ಮಾಡಿ ಏರಿಸಿದ್ದೆ. ಆಫೀಸಿನ ಕಂಪ್ಯೂಟರಿನಲ್ಲಿ ಅದ್ಭುತವಾಗಿ ಕಾಣುತ್ತಿತ್ತು. ಮೇಡಂ ನೋಡಿದರು. ಸಂಜೆ ಡೊಂಬಿವ್ಲಿಯಲ್ಲಿ ಇಳಿದು ನನ್ನನ್ನು ಒಂದು ಸೈಬರ್ ಕೆಫೆಗೆ ಕರೆದುಕೊಂಡು ಹೋದರು.

“ನಿಮ್ಮ ಪುಟ ತೆಗೀರಿ. ನಾನು ಚಹಾ ಹೇಳ್ತೇನೆ.”

ಚಹಾ ಬಂತು. ಅಲ್ಲಿಯ ನಿಧಾನದ ಇಂಟರ್ನೆಟ್ಟಿನಲ್ಲಿ ಅಂಗಡಿಯ ಹೆಸರಿನ ಮೇಲ್ಭಾಗ ಮಾತ್ರ ಬಂದಿತ್ತು. ಅವರು ಚಹಾ ಕುಡಿದು, ಬಿಸ್ಕೀಟು ತಿಂದು, ಮನೆಗೆ ಫೋನು ಮಾಡಿ ಕುಕ್ಕರ್ ಇಡಲು ಹೇಳಿದರು. ಸೀರೆ ಉಟ್ಟ ಹೆಂಗಸಿನ ಹಣೆ ಕಾಣಿಸಿತು. ಕಣ್ಣು ಬರುವ ಹೊತ್ತಿಗೆ ನಾನೇ ಪರದೆ ಬಂದ್ ಮಾಡಿದೆ. ಅವಮಾನದಿಂದ ಕಿವಿ ಬಿಸಿಯಾಗಿತ್ತು. ಮೆಟ್ಟಿಲು ಇಳಿಯುವಾಗ ಅವರು ಇನ್ನೂ ಏನೋ ಹೇಳಿದರು. ಅದು ನನ್ನ ತಲೆಗೆ ಹೋಗಲಿಲ್ಲ. ಆ ಮಾತು ಮುಂದೆ ಬರುತ್ತದೆ.

ಗಿರಾಕಿಗಳ ಅಭಿಪ್ರಾಯದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕಾಮೋಠೆಯ ಒಬ್ಬ ಹಲ್ಲಿನ ಡಾಕ್ಟರರಿಗೆ ವೆಬ್‌ಸೈಟ್ ಮಾಡಿದ್ದೆವು. ನೀಲಿ ಬಣ್ಣ ಸರಿಯಿಲ್ಲ ಎಂದರು. ಬೇರೆ ನೀಲಿ ಹಾಕಿದೆ. ಅದೂ ಸರಿಯಿಲ್ಲ. ಹೀಗೆ ಆರೇಳು ನೀಲಿ ಆದವು, ಆಮೇಲೆ ಹಸಿರಿಗೆ ಹೋದೆ. ನನಗೆ ರೇಗಿಹೋಗಿತ್ತು. ಕೊನೆಗೆ ಅವರ ಹೆಂಡತಿ ಮೆಲ್ಲಗೆ ಹೇಳಿದರು, ಡಾಕ್ಟರರಿಗೆ ಬೇಡವಾಗಿದ್ದದ್ದು ಬಣ್ಣವಲ್ಲ, ತಲೆ ಬೋಳಾಗಿ ಕಾಣುವ ಅವರ ಫೋಟೋ. ಫೋಟೋ ಬದಲಿಸಿದೆ. ಮೊದಲ ನೀಲಿಯೇ ಅವರಿಗೆ ತುಂಬ ಹಿಡಿಸಿತು. ‘ಸರಿಯಿಲ್ಲ’ ಎಂದವರು ಏನನ್ನು ನೋಡಿ ಹಾಗೆ ಅನ್ನುತ್ತಿದ್ದಾರೆ ಎಂದು ಕೇಳಬೇಕು ಎಂಬುದು ಅಂದಿನಿಂದ ನನಗೆ ಗೊತ್ತಿತ್ತು. ‘ಚೆನ್ನಾಗಿದೆ’ ಎನ್ನುವವನು ಕೂಡ ಅದನ್ನೇ ಹೇಳಬೇಕು ಎಂಬುದು ಗೊತ್ತಿರಲಿಲ್ಲ.

ನಮಿತಾ ಬಂದದ್ದು ಅದಾಗಿ ಕೆಲವು ವರ್ಷಗಳಿಗೆ. ಅವಳ ಅಪ್ಪ ಸದಾನಂದ, ಉಡುಪಿಯ ಕಡೆಯವರು, ಡೊಂಬಿವ್ಲಿ ಪೂರ್ವದ ಒಂದು ಹೋಟೆಲಿನ ಮ್ಯಾನೇಜರ್. ನಾನು ಅಲ್ಲಿ ದಿನಾ ಬೆಳಿಗ್ಗೆ ಇಡ್ಲಿ ತಿನ್ನುವವನು. ಮಗಳು ಆರು ತಿಂಗಳ ಪರೀಕ್ಷಾವಧಿಯ ಮೇಲೆ ನಮ್ಮಲ್ಲೇ ಸೇರಿದಳೆಂದು ತಿಳಿದಾಗ ಅವರು ಗಲ್ಲಾ ಬಿಟ್ಟು ನನ್ನ ಮೇಜಿಗೆ ಬಂದು ಕೂತರು.

“ಅವಳ ಹತ್ರ ಕನ್ನಡದಲ್ಲೇ ಮಾತಾಡಿ ಮಾರಾಯ್ರೆ. ಮನೆಯಲ್ಲಿ ತುಳು, ಹೊರಗೆ ಹಿಂದಿ. ಕನ್ನಡ ಕೇಳಿದ್ರೆ ಅರ್ಥ ಆಗ್ತದೆ, ಬಾಯಿಗೆ ಬರುದಿಲ್ಲ. ಮತ್ತೊಂದು ವಿಷಯ ಉಂಟು. ನಾನು ಬ್ಯಾಂಕ್ ಪರೀಕ್ಷೆಗೆ ಓದು ಅಂದೆ. ಅವಳು ಹಠ ಮಾಡಿ ಇದಕ್ಕೆ ಬಂದದ್ದು. ಆರು ತಿಂಗಳು ನೋಡುವ ಅಂತ ಹೇಳಿದ್ದೇನೆ. ಇಲ್ಲಿ ಆಗ್ಲಿಲ್ಲ ಅಂದ್ರೆ ಬ್ಯಾಂಕ್ ಕೋಚಿಂಗೇ, ಬೇರೆ ಮಾತಿಲ್ಲ.”

ನಾನು ಮಾತು ಕೊಟ್ಟೆ, ನಡೆಸಿಯೂ ನಡೆಸಿದೆ. ಮೇಡಂ ಬಿಟ್ಟರೆ ಆಫೀಸಿನ ಮಿಕ್ಕವರೊಂದಿಗೆ ನನ್ನದು ಹಿಂದಿ, ನಮಿತಾಳೊಂದಿಗೆ ಮಾತ್ರ ಗದಗಿನ ಕನ್ನಡ. ಅವಳು ಹಿಂದಿಯಲ್ಲಿ ಉತ್ತರಿಸುತ್ತಿದ್ದಳು.

ಪ್ರೆಸ್ಸಿನ ಅಭ್ಯಾಸದಂತೆ ಹೊಸಬರ ಪುಟಗಳನ್ನು ನಾನು ಕಾಗದದ ಮೇಲೆ ಮುದ್ರಿಸಿ ನೋಡುತ್ತಿದ್ದೆ. ತಪ್ಪು ಕಂಡಲ್ಲಿ ಕೆಂಪು ಗೆರೆ. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ತಾಸು ವಿವರಣೆ. ಈ ಬಟನ್ ಯಾರ ಕಣ್ಣಿಗೆ ಬೀಳುತ್ತದೆ, ಸಾಲುಗಳ ನಡುವೆ ಉಸಿರಾಡಲು ಜಾಗ ಎಲ್ಲಿ, ಫೋನ್ ನಂಬರ್ ಹುಡುಕಲು ಎಷ್ಟು ಸಲ ಒತ್ತಬೇಕು ಎಂದೆಲ್ಲ. ಆಗ ಕನ್ನಡ, ಹಿಂದಿ, ಬೆರಳು ಎಲ್ಲವನ್ನೂ ಬಳಸುತ್ತಿದ್ದೆ. ಪುಟ ಚೆನ್ನಾಗಿದ್ದರೆ ಗೆರೆ ಎಳೆಯುತ್ತಿರಲಿಲ್ಲ. ಹಾಳೆಯನ್ನು ಡ್ರಾಯರಿಗೆ ಸೇರಿಸಿ “ಚಲೋ” ಎಂದು ಹೇಳಿ ನನ್ನ ಕೆಲಸಕ್ಕೆ ತಿರುಗುತ್ತಿದ್ದೆ. ನಮ್ಮ ಗದಗಿನ ಪ್ರೆಸ್ಸಿನಲ್ಲಿ ಫೋರ್‌ಮನ್ ಬಾಯಿಂದ ಒಂದು ‘ಚಲೋ’ ಬರಲು ನಾನು ಎರಡು ವರ್ಷ ಕಾದಿದ್ದೆ. ಆ ದಿನ ಮನೆಗೆ ಪೇಢೆ ಒಯ್ದಿದ್ದೆ.

ನಮಿತಾಳಲ್ಲಿ ಒಂದು ವಿಚಿತ್ರ ಕಾಣತೊಡಗಿತು. ಕೆಂಪು ಗೆರೆ ಬಿದ್ದ ಪುಟಗಳನ್ನು ಹೇಳಿದ್ದಕ್ಕಿಂತ ಚೆಂದವಾಗಿ ತಿದ್ದಿ ತರುತ್ತಿದ್ದಳು. ನಾನು ಒಪ್ಪಿದ ಪುಟಗಳು ಮಾತ್ರ ಮರುದಿನ ಗುರುತೇ ಸಿಗದಂತೆ ಬದಲಾಗಿರುತ್ತಿದ್ದವು. ಒಳ್ಳೆಯದನ್ನು ಕಿತ್ತು ಹಾಕಿ ಏನೋ ಥಳಕು ತುಂಬಿಸಿರುತ್ತಿದ್ದಳು. ಒಂದೆರಡು ಸಲ ಸುಮ್ಮನಿದ್ದೆ. ಆಮೇಲೆ ಹುಡುಗಿಗೆ ತಲೆ ತಿರುಗಿದೆ, ತನಗೇ ಎಲ್ಲ ಗೊತ್ತು ಅಂದುಕೊಂಡಿದ್ದಾಳೆ ಎಂದು ತೀರ್ಮಾನಿಸಿದೆ. ಯಾಕೆ ಬದಲಿಸಿದೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಹಿರಿಯನಾದವನು ಕೇಳುವುದೇನು ಎಂಬ ಬಿಗುಮಾನ.

ಐದನೇ ತಿಂಗಳಲ್ಲಿ ಟಿಟ್ವಾಳಾದ ಒಂದು ಮಂಗಲ ಕಾರ್ಯಾಲಯದ ಕೆಲಸ ಬಂತು. ಮದುವೆ, ಮುಂಜಿಗಳಿಗೆ ಬಾಡಿಗೆ ಕೊಡುವ ಛತ್ರ. ಮಾಲೀಕರು ಪಾಟೀಲರು. ಮೊದಲ ಪುಟ ಮಾಡಲು ನಮಿತಾಳಿಗೆ ಕೊಟ್ಟೆ. ಎಲ್ಲರೂ ಇಂಥದ್ದರಲ್ಲಿ ಮೊದಲು ಮಂಟಪದ ಫೋಟೋ ಹಾಕುತ್ತಾರೆ. ಅವಳು ಹಾಕಿದ್ದು ಕ್ಯಾಲೆಂಡರ್. ಮುಹೂರ್ತವಿರುವ ದಿನಗಳಲ್ಲಿ ಛತ್ರ ಖಾಲಿಯಿದ್ದರೆ ಅರಿಶಿನ ಬಣ್ಣ, ಬುಕ್ ಆಗಿದ್ದರೆ ಬೂದು. ಅದರ ಕೆಳಗೆ ದೊಡ್ಡದಾಗಿ ಫೋನ್ ನಂಬರ್. ಅಷ್ಟೇ. ಛತ್ರ ಹುಡುಕುವವರ ಮೊದಲ ಪ್ರಶ್ನೆ ಮಂಟಪ ಹೇಗಿದೆ ಎಂದಲ್ಲ, ನಮ್ಮ ತಾರೀಖು ಸಿಗುತ್ತದೆಯೇ ಎಂದು. ಅವಳ ಅಪ್ಪ ಹೋಟೆಲಿನಲ್ಲಿ ಮದುವೆ ಊಟದ ಆರ್ಡರ್ ತೆಗೆದುಕೊಳ್ಳುವಾಗ ಫೋನಿನಲ್ಲಿ ಮೊದಲು ಕೇಳುವುದೂ ತಾರೀಖನ್ನೇ. ಅದನ್ನು ಕೇಳುತ್ತ ಬೆಳೆದ ಹುಡುಗಿಗೆ ಇದು ಹೊಳೆದಿತ್ತು.

ಹಾಳೆ ಹಿಡಿದು ನಾನು ಬಹಳ ಹೊತ್ತು ನೋಡಿದೆ. ನನಗೇ ಹೊಳೆಯುತ್ತಿರಲಿಲ್ಲ ಅನ್ನಿಸಿತು. ಒಂದು ಚುಕ್ಕೆಯನ್ನೂ ಇಡಲಿಲ್ಲ. ಹಾಳೆಯನ್ನು ಡ್ರಾಯರಿನಲ್ಲಿಟ್ಟು, ಎಂದೂ ಹೇಳದ ಮಾತು ಹೇಳಿದೆ: “ಭಾಳ ಚಲೋ.”

ಅವಳ ಮುಖ ಸಪ್ಪಗಾಯಿತು. ತಲೆನೋವಿರಬೇಕು ಅಂದುಕೊಂಡೆ.

ಪಾಟೀಲರಿಗೆ ಫೋನಿನಲ್ಲಿ ಕ್ಯಾಲೆಂಡರಿನ ವಿಷಯ ಹೇಳಿ ಆಸೆ ಹುಟ್ಟಿಸಿದ್ದೆ. ‘ಭಾಳ ಚಲೋ’ ಎಂದ ಮೇಲೆ ಇದನ್ನಂತೂ ಮುಟ್ಟಲಾರಳು ಎಂದು ಪುಟವನ್ನು ಮತ್ತೆ ನೋಡಿರಲಿಲ್ಲ. ಮುಂದಿನ ವಾರ ನಾವಿಬ್ಬರೂ ಟಿಟ್ವಾಳಾಕ್ಕೆ ಹೋದೆವು. ಅವರು ಅಣ್ಣ ತಮ್ಮಂದಿರನ್ನೆಲ್ಲ ಕರೆಸಿ ಕಂಪ್ಯೂಟರಿನ ಸುತ್ತ ಕೂರಿಸಿದ್ದರು. ನಮಿತಾ ಪುಟ ತೆರೆದಳು. ಶಹನಾಯಿ ಮೊಳಗಿತು. ಪರದೆಯ ತುಂಬ ಹೂವಿನ ಎಸಳು ಉದುರಿದವು. ಮಂಟಪದ ಫೋಟೋಗಳು ಒಂದರ ಹಿಂದೊಂದು ಓಡಿದವು. ಕ್ಯಾಲೆಂಡರ್ ಇಲ್ಲ.

“ಅಹೋ, ತೇ ಕ್ಯಾಲೆಂಡರ್ ಕುಠೇ ಆಹೇ?” ಕ್ಯಾಲೆಂಡರ್ ಎಲ್ಲಿ ಎಂದು ಪಾಟೀಲರು ನನ್ನನ್ನು ಕೇಳಿದರು.

ಅದು ನಾಲ್ಕನೆಯ ಪುಟದ ಕೆಳಗೆ ಎಲ್ಲೋ ಸೇರಿಹೋಗಿತ್ತು. ಪಾಟೀಲರು ದೊಡ್ಡ ಮನುಷ್ಯರು, ಬೈಯಲಿಲ್ಲ. ತಯಾರಾದ ಮೇಲೆ ಬನ್ನಿ ಎಂದು ಚಹಾ ಕೊಟ್ಟು ಕಳಿಸಿದರು. ವಾಪಸು ಲೋಕಲ್ ರೈಲಿನಲ್ಲಿ ಠಾಕುರ್ಲಿ ಬರುವವರೆಗೆ ನಾನು ಅವಳೊಂದಿಗೆ ಒಂದು ಮಾತೂ ಆಡಲಿಲ್ಲ. ಇಳಿಯುವಾಗಲೂ ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಪರೀಕ್ಷಾವಧಿಯ ವರದಿ ಬರೆದೆ. ‘ಒಪ್ಪಿದ ಕೆಲಸವನ್ನು ತನ್ನಿಷ್ಟಕ್ಕೆ ಬದಲಿಸುತ್ತಾಳೆ. ಹೇಳಿದ್ದನ್ನು ತೆಗೆದುಕೊಳ್ಳುವ ಗುಣವಿಲ್ಲ. ಮುಂದುವರಿಸುವುದು ಬೇಡ.’ ವಾಶಿಯಲ್ಲಿದ್ದ ಕಂಪನಿ ಮಾಲೀಕರಿಗೆ ಮೇಲ್ ಮಾಡಿದೆ, ಒಂದು ಪ್ರತಿ ನಾಡಕರ್ಣಿ ಮೇಡಂಗೆ.

ಹತ್ತು ನಿಮಿಷದಲ್ಲಿ ಮೇಡಂ ನಮ್ಮಿಬ್ಬರನ್ನೂ ಒಳಗೆ ಕರೆದರು. ಯಾಕೆ ಬದಲಿಸಿದೆ ಎಂದು ನಾನು ಮೂರ್ನಾಲ್ಕು ತಿಂಗಳಿಂದ ಕೇಳದಿದ್ದ ಪ್ರಶ್ನೆಯನ್ನು ಕೂತ ತಕ್ಷಣ ಕೇಳಿದರು.

“ನಮಿತಾ, ವೋ ಕ್ಯಾಲೆಂಡರ್ ವಾಲಾ ಪೇಜ್ ಕ್ಯೂಂ ಬದಲಾ?”

“ಸರ್ ಕೋ ಪಸಂದ್ ನಹೀಂ ಆಯಾ ಥಾ.” ಸರ್‌ಗೆ ಇಷ್ಟವಾಗಿರಲಿಲ್ಲ ಎಂದಳು.

ನನಗೆ ತಡೆಯಲಾಗಲಿಲ್ಲ. “ಯಾರ ಹೇಳಿದ್ರು ನಿನಗ? ನಾನ ಚಲೋ ಅಂತ ಹೇಳಿದ್ನಿಲ್ಲೋ?”

“ಹಾಂ, ವಹೀ ತೋ,” ಎಂದಳು ನಮಿತಾ. “ಹರ್ ಬಾರ್ ಚಲೋ ಬೋಲ್ತೇ ಥೇ. ಉಸ್ ದಿನ್ ತೋ ಭಾಳ ಚಲೋ ಬೋಲಾ. ಮತ್ಲಬ್, ಬಹುತ್ ಹೋ ಗಯಾ, ಅಬ್ ಚಲೋ.”

ಸಾಕಿನ್ನು, ನಡಿ. ಮೂರ್ನಾಲ್ಕು ತಿಂಗಳು ನಾನು ಕೊಟ್ಟ ಶಹಬ್ಬಾಸ್‌ಗಿರಿ ಆ ಹುಡುಗಿಯ ಕಿವಿಗೆ ಬಿದ್ದದ್ದು ಹೀಗೆ. ಅವಳು ಹುಟ್ಟಿ ಬೆಳೆದ ಡೊಂಬಿವ್ಲಿಯಲ್ಲಿ ‘ಚಲೋ’ ಎಂದರೆ ರೈಲಿನ ಬಾಗಿಲಲ್ಲಿ ಹಿಂದಿನವರು ದೂಡುತ್ತ ಅನ್ನುವ ಮಾತು. ಅವಳ ಮನೆಯಲ್ಲಿ ಚೆನ್ನಾಗಿದ್ದರೆ ‘ಲಾಯ್ಕ್’ ಅನ್ನುತ್ತಾರೆ. ಗದಗಿನ ‘ಚಲೋ’ ಅವಳಿಗೆ ಎಲ್ಲಿಂದ ಗೊತ್ತಾಗಬೇಕು?

ಮೇಡಂ ಕಾರವಾರದವರು, ಎರಡೂ ‘ಚಲೋ’ ಬಲ್ಲವರು. ಕನ್ನಡಕ ತೆಗೆದಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅವಳಿಗೆ ಅರ್ಥ ಬಿಡಿಸಿ ಹೇಳಿದರು. ನಮಿತಾ ನಗಲಿಲ್ಲ. ಚೀಲದಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದೆ ಇಟ್ಟಳು. ಯಾವ ದಿನ ಯಾವ ಪುಟ ತೋರಿಸಿದಳು, ನಾನು ಏನೇನು ಹೇಳಿದೆ ಎಂದು ಹಿಂದಿಯಲ್ಲಿ ಬರೆದಿಟ್ಟಿದ್ದಳು. ತಪ್ಪು ಹೇಳಿದ ದಿನ ಪುಟ ತುಂಬ ಟಿಪ್ಪಣಿ. ನಡುನಡುವೆ ಒಂಟಿಯಾಗಿ ‘ಚಲೋ’, ಅದರ ಮುಂದೆ ‘ಫಿರ್ ಸೇ’. ಮತ್ತೆ ಮೊದಲಿನಿಂದ. ಅವಳು ಕಿತ್ತುಹಾಕಿದ ಒಂದೊಂದು ಪುಟವೂ ನನಗೆ ನೆನಪಿತ್ತು. ಎಲ್ಲವೂ ಒಳ್ಳೆಯ ಪುಟಗಳೇ. ನನಗೆ ಬಹಳ ನಾಚಿಕೆಯಾಯಿತು.

ಡ್ರಾಯರಿನಿಂದ ಕ್ಯಾಲೆಂಡರಿನ ಹಾಳೆ ತಂದು ತೋರಿಸಿದೆ. ಅವಳ ಕಂಪ್ಯೂಟರಿನಲ್ಲಿ ಅದರ ಮೇಲೆಯೇ ಹೊಸತನ್ನು ಉಳಿಸಿದ್ದರಿಂದ ಉಳಿದಿದ್ದ ಪ್ರತಿ ಅದೊಂದೇ.

“ಇಸ್ ಪೇ ತೋ ಕುಛ್ ಲಿಖಾ ಹೀ ನಹೀಂ,” ಎಂದಳು. “ಮುಝೇ ಲಗಾ ಆಪ್ನೇ ದೇಖಾ ಭೀ ನಹೀಂ.” ಏನೂ ಬರೆಯದ್ದರಿಂದ ನಾನು ನೋಡಿಯೇ ಇಲ್ಲ ಅಂದುಕೊಂಡಿದ್ದಳು.

“ಹಂಗಲ್ಲವ್ವಾ. ಪ್ರೆಸ್ಸಿನಾಗ ಕೆಂಪು ಗೆರಿ ಇಲ್ಲದ ಹಾಳಿ ಅಂದ್ರ ಅದಕ್ಕಿಂತ ದೊಡ್ಡ ಮಾತ ಇಲ್ಲ,” ಎಂದೆ. ಹೇಳುವಾಗಲೇ ಅದು ಎಷ್ಟು ಪೊಳ್ಳು ಎಂದು ನನಗೇ ಕೇಳಿಸಿತು. ಪ್ರೆಸ್ಸನ್ನೇ ನೋಡದ ಹುಡುಗಿಗೆ ಖಾಲಿ ಹಾಳೆ ಖಾಲಿ ಹಾಳೆಯೇ.

ನಮಿತಾಳನ್ನು ಹೊರಗೆ ಕಳಿಸಿ ಮೇಡಂ ನನ್ನ ಕಡೆ ತಿರುಗಿದರು. ನಗು ಹೋಗಿತ್ತು.

“ಅಲ್ರೀ ಕರಡಿ, ಶಬ್ದದ್ದು ಬಿಡಿ, ಯಾರಿಗಾದ್ರೂ ಆಗ್ತದೆ. ತಪ್ಪಿಗೆ ಅರ್ಧ ತಾಸು, ಒಳ್ಳೇದಕ್ಕೆ ಒಂದೇ ಶಬ್ದ. ಏನು ಚಲೋ, ಯಾಕೆ ಚಲೋ ಅಂತ ಇನ್ನೊಂದು ವಾಕ್ಯ ಹೇಳಿದ್ರೆ ಯಾವ ಭಾಷೆಯಲ್ಲಾದ್ರೂ ತಿಳೀತಿತ್ತು ಅವಳಿಗೆ. ಸೈಬರ್ ಕೆಫೆಯಿಂದ ಇಳಿವಾಗ ನಾನು ಏನು ಹೇಳಿದೆ, ನೆನಪಿದೆಯಾ?”

ಚಹಾ, ಬಿಸ್ಕೀಟು, ಹಣೆ, ಅವಮಾನ ಎಲ್ಲ ನೆನಪಿತ್ತು. ಆ ಮಾತು ಇರಲಿಲ್ಲ.

“ಅಕ್ಷರಗಳ ನಡುವೆ ನೀವು ಬಿಟ್ಟ ಜಾಗ ಇಲ್ಲಿ ಯಾರಿಗೂ ಬಿಡ್ಲಿಕ್ಕೆ ಬರೂದಿಲ್ಲ, ಅದೊಂದನ್ನ ಬದಲಿಸಬೇಡಿ ಅಂದಿದ್ದೆ. ನೀವು ಬದಲಿಸ್ಲಿಲ್ಲ. ಅದಕ್ಕೇ ನೀವು ಇವತ್ತಿಗೂ ಇಲ್ಲಿದ್ದೀರಿ.”

ನನ್ನ ಜಾಗಕ್ಕೆ ಬಂದು ನಮಿತಾಳನ್ನು ಕರೆದೆ. ಕೆಂಪು ಪೆನ್ನು ತೆಗೆದು, ನನ್ನ ವೃತ್ತಿಯಲ್ಲಿ ಮೊದಲ ಸಲ, ಸರಿಯಾಗಿದ್ದದ್ದಕ್ಕೆ ಸುತ್ತು ಹಾಕಿದೆ. ಕ್ಯಾಲೆಂಡರಿಗೆ ಒಂದು, ಅರಿಶಿನ ಬಣ್ಣಕ್ಕೆ ಒಂದು, ಫೋನ್ ನಂಬರಿಗೆ ಒಂದು. ಪ್ರತಿಯೊಂದರ ಪಕ್ಕ ‘ಮುಟ್ಟಬೇಡ’ ಎಂದು ಬರೆದು, ಯಾಕೆ ಎಂದು ಬಾಯಲ್ಲಿ ಹೇಳಿದೆ. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

“ಯೇ ಕ್ಯಾ ಲಿಖಾ ಹೈ ಸರ್?”

“ಮುಟ್ಟಬೇಡ. ಹಾಥ್ ಮತ್ ಲಗಾನಾ.”

ಅವಳು ಆ ಅಕ್ಷರಗಳನ್ನು ಚಿತ್ರ ಬಿಡಿಸಿದ ಹಾಗೆ ನೋಟ್‌ಬುಕ್ಕಿಗೆ ಇಳಿಸಿಕೊಂಡಳು.

ಮಧ್ಯಾಹ್ನದ ಲೋಕಲ್ ಹಿಡಿದು ವಾಶಿಗೆ ಹೋದೆ. ವರದಿಯನ್ನು ಇಮೇಲಿನಲ್ಲೇ ಹಿಂತೆಗೆದುಕೊಳ್ಳಬಹುದಿತ್ತು. ಆದರೆ ತಪ್ಪನ್ನು ಕೂತಲ್ಲಿಂದ ಒಪ್ಪಿಕೊಳ್ಳುವುದು ಸುಲಭ, ಎದುರು ನಿಂತು ಒಪ್ಪಿಕೊಳ್ಳಬೇಕು ಅನ್ನಿಸಿತು. ಮಾಲೀಕರು ಹುಬ್ಬು ಗಂಟಿಕ್ಕಿದರು. “ಸುಬಹ್ ಆಪ್ನೇ ಹೀ ಲಿಖಾ, ದೋಪಹರ್ ಕೋ ಆಪ್ ಹೀ ಕಾಟ್ ರಹೇ ಹೋ?” ಎಂದರು, ಬೆಳಿಗ್ಗೆ ಬರೆದವರೇ ಮಧ್ಯಾಹ್ನ ಹೊಡೆದು ಹಾಕುತ್ತಿದ್ದೀರಾ ಎಂದು. ನಡೆದದ್ದನ್ನು ಹೇಳಿದೆ. ಅವರು ನಗಲಿಲ್ಲ, ಬರೆದು ಕೊಡಿ ಎಂದರು. ‘ತಪ್ಪು ಪರಿಶೀಲಿಸಿದವನದು, ಪುಟ ಮಾಡಿದವಳದಲ್ಲ’ ಎಂದು ಬರೆದು ಸಹಿ ಹಾಕಿದೆ. ಟಿಟ್ವಾಳಾದವರು ಒಪ್ಪಿದರೆ ಹುಡುಗಿ ಇರಲಿ, ಇಲ್ಲದಿದ್ದರೆ ಇಲ್ಲ ಎಂದರು ಮಾಲೀಕರು.

ಆ ಹಾಳೆ ನೋಡಿಕೊಂಡು ನಮಿತಾ ಪುಟವನ್ನು ಮತ್ತೆ ಕಟ್ಟಿದಳು. ಶಹನಾಯಿಯನ್ನು ಅವಳೇ ತೆಗೆದಳು, ನಾನು ಹೇಳಬೇಕಾಗಿ ಬರಲಿಲ್ಲ. ಪಾಟೀಲರು ನೋಡಿ, ಅಣ್ಣ ತಮ್ಮಂದಿರಿಗೂ ತೋರಿಸಿ, ಹ್ಞೂಂ ಎಂದರು. ಕೆಲವು ದಿನಗಳಲ್ಲಿ ಫೋನು ಮಾಡಿದರು. ಕಲ್ಯಾಣ ಊರಿನ ಒಂದು ಕುಟುಂಬ, ತಾರೀಖು ಖಾಲಿಯಿದೆಯೇ ಎಂದು ಕೇಳದೆ, ಖಾಲಿಯಿರುವುದನ್ನು ನೋಡಿದ್ದೇವೆ, ನಮ್ಮ ಹೆಸರು ಬರೆದುಕೊಳ್ಳಿ ಎಂದಿತಂತೆ. ನಮಿತಾ ಉಳಿದಳು. ಸದಾನಂದರು ನನಗೆ ಆ ವಾರವೆಲ್ಲ ಇಡ್ಲಿಯ ಜೊತೆ ಕೇಳದೆಯೇ ವಡೆ ಹಾಕಿಸಿದರು. ನಡೆದದ್ದು ಅವರಿಗೆ ಗೊತ್ತಿರಲಿಲ್ಲವಾದ್ದರಿಂದ ಆ ವಡೆ ಗಂಟಲಲ್ಲಿ ಇಳಿಯುವುದು ಸ್ವಲ್ಪ ಕಷ್ಟವಾಯಿತು. ಕೊನೆಗೆ ಹೇಳಿಬಿಟ್ಟೆ. “ಅಯ್ಯೋ ದೇವರೇ, ಕನ್ನಡದಲ್ಲೇ ಮಾತಾಡಿ ಅಂತ ನಾನೇ ಹೇಳಿದ್ದಲ್ವಾ!” ಎಂದು ಅವರು ಹಣೆ ಚಚ್ಚಿಕೊಂಡರು.

ಮುಂದೆ ಎಲ್ಲರೂ ಫೋನಿನಲ್ಲೇ ವೆಬ್‌ಸೈಟ್ ನೋಡುವ ಕಾಲ ಬಂತು. ಅಂಗೈಯಗಲದ ಪರದೆಗೆ ಪುಟ ಮಾಡುವುದರಲ್ಲಿ ನಾನು ಹೊಸಬ, ನಮಿತಾ ಪಳಗಿದವಳು. ನನ್ನ ಪುಟಗಳನ್ನು ಅವಳಿಗೆ ತೋರಿಸಬೇಕಾಯಿತು. ಮೊದಲೆರಡು ತಿಂಗಳು ನನಗೆ ಸಿಟ್ಟು ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಅವಳ ಮಾತು ಮುಗಿಯುವವರೆಗೆ ಬಾಯಿ ತೆರೆಯದೆ ಕೂರಲು ಕಲಿತದ್ದು ನನ್ನ ಕೊನೆಯ ವರ್ಷಗಳ ದೊಡ್ಡ ಸಾಧನೆ. ನಾಡಕರ್ಣಿ ಮೇಡಂ ನಿವೃತ್ತರಾದರು, ಹಿಂದೆಯೇ ನಾನೂ ಆದೆ. ಮೇಡಂ ಕುರ್ಚಿಯಲ್ಲಿ ಈಗ ನಮಿತಾ ಇದ್ದಾಳೆ.

ಮನೆಯಲ್ಲಿ ಕೂತು ಬೇಜಾರಾಗಿ, ಡೊಂಬಿವ್ಲಿಯಲ್ಲಿ ನಾವು ಕನ್ನಡದವರು ನಡೆಸುವ ಸಣ್ಣ ಪುಸ್ತಕಾಲಯಕ್ಕೆ ಒಂದು ವೆಬ್‌ಸೈಟ್ ಮಾಡಿದೆ. ಪುಟಗಳನ್ನು ಮುದ್ರಿಸಿ, ಸದಾನಂದರ ಕೈಯಲ್ಲಿ ನಮಿತಾಳಿಗೆ ಕಳಿಸಿದೆ. ನಾಲ್ಕು ದಿನಕ್ಕೆ ವಾಪಸು ಬಂದವು. ಮೊದಲ ಪುಟ ಕೆಂಪೋ ಕೆಂಪು. ಬಟನ್ ಚಿಕ್ಕದು, ಬೆರಳು ನಿಲ್ಲುವುದಿಲ್ಲ. ಬೂದು ಅಕ್ಷರ ವಯಸ್ಸಾದವರಿಗೆ ಕಾಣುವುದಿಲ್ಲ. ‘ಸರ್, ಯೇ ಕಿಸ್ಕೇ ಲಿಯೇ ಹೈ?’, ಇದು ಯಾರಿಗಾಗಿ, ಎಂದು ಒಂದು ಕಡೆ ಪ್ರಶ್ನೆ. ನನ್ನದೇ ಮಾತುಗಳನ್ನು ನನಗೆ ತಿರುಗಿಸಿದ್ದಳು.

ಎರಡನೆಯ ಪುಟದಲ್ಲಿ ಪುಸ್ತಕಗಳನ್ನು ಅ, ಆ, ಇ ಎಂದು ದೊಡ್ಡ ಅಕ್ಷರಗಳ ಅಡಿಯಲ್ಲಿ ಜೋಡಿಸಿದ್ದೆ. ಅದರ ಸುತ್ತ ಒಂದೇ ದೊಡ್ಡ ಕೆಂಪು ಸುತ್ತು. ಪಕ್ಕದಲ್ಲಿ ಹಿಂದಿಯಲ್ಲಿ, ‘ಪಪ್ಪಾ ಕೋ ಫೋನ್ ದಿಯಾ. ಬಿನಾ ಪೂಛೇ ಅಪನೀ ಕಿತಾಬ್ ಢೂಂಢ್ ಲೀ.’ ಫೋನಿನಲ್ಲಿ ಹಲೋ ಅನ್ನುವುದರಾಚೆ ಏನೂ ಗೊತ್ತಿಲ್ಲದ ಸದಾನಂದರು ಯಾರನ್ನೂ ಕೇಳದೆ ತಮ್ಮ ಪುಸ್ತಕ ಹುಡುಕಿಕೊಂಡಿದ್ದರು. ಅದರ ಕೆಳಗೆ, ಒಂದೊಂದು ಅಕ್ಷರವೂ ಒಂದೊಂದು ದಿಕ್ಕಿಗೆ ವಾಲಿ, ಕನ್ನಡದಲ್ಲಿ: ‘ಮುಟಬೇಡಿ.’

ಒತ್ತಕ್ಷರ ಬಿಟ್ಟಿದ್ದಳು. ನಲವತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಕೆಂಪು ಪೆನ್ನಿನ ಮುಚ್ಚಳ ತೆಗೆಯಿತು. ‘ಟ’ದ ಕೆಳಗೆ ಮೊನೆ ಇಡುವಷ್ಟರಲ್ಲಿ ಇನ್ನೊಮ್ಮೆ ಓದಿದೆ. ಮುಚ್ಚಳ ಹಾಕಿ ಪೆನ್ನನ್ನು ಜೇಬಿಗೆ ಸೇರಿಸಿದೆ.